ಮುಂದಿನವನ ಮೋಟರು

ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಅವನನ್ನು ಎಲ್ಲರೂ ಮುಂದಿನವನು ಎಂದೇ ಕರೆಯುತ್ತಿದ್ದರು. ಅವನ ಅಣ್ಣ ಹಿಂದಿನವನು. ವಯಸ್ಸಿನ ಲೆಕ್ಕದಲ್ಲಿ ಇದು ತಲೆಕೆಳಗು. ಆದರೆ ದೋಣಿಯಲ್ಲಿ ಕೂರುವ ಜಾಗದ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಆ ಸಣ್ಣ ದೋಣಿ ಇಬ್ಬರ ಪಾಲಿಗೆ ಬಂದಾಗ ಅಣ್ಣ ಹಿಂದೆ ಮೋಟರಿನ ಪಕ್ಕ ಕೂತ, ತಮ್ಮ ಮುಂದೆ ಮೂತಿಯಲ್ಲಿ ಕೂತ. ಕೂತವರು ಕೂತೇ ಬಿಟ್ಟರು. ತಮ್ಮನ ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡರೂ ಅವನು ಒಂದು ಸಲವಾದರೂ ಮೋಟರಿನ ಹಿಡಿ ಮುಟ್ಟಿದವನಲ್ಲ. ಅಣ್ಣ ಬೇಡ ಎಂದಿರಲಿಲ್ಲ, ತಮ್ಮ ಕೊಡು ಎಂದಿರಲಿಲ್ಲ. ಕೆಲವು ಮನೆಗಳಲ್ಲಿ ಊಟಕ್ಕೆ ಕೂರುವ ಜಾಗ ಹೀಗೇ ಗಟ್ಟಿಯಾಗಿಬಿಡುತ್ತದೆ.

ಮೋಟರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ ಮುಂದಿನವನು ಕೈ ಎತ್ತಿ ಹೇಳಬೇಕು. ಬಲಗೈ ಎತ್ತಿದರೆ ಬಲಕ್ಕೆ, ಎಡಗೈ ಎತ್ತಿದರೆ ಎಡಕ್ಕೆ, ಮುಷ್ಟಿ ಹಿಡಿದರೆ ನಿಧಾನ, ಎರಡೂ ಕೈ ಎತ್ತಿದರೆ ನಿಲ್ಲಿಸು. ಹಿಂದೆ ತಿರುಗಿ ನೋಡುವ ಹಾಗಿಲ್ಲ. ಇದು ಅಣ್ಣ ಮಾಡಿದ ಕಟ್ಟಳೆ. ಎಳೆ ವಯಸ್ಸಿನಲ್ಲಿ ತಮ್ಮ ಒಮ್ಮೆ ಏನೋ ಕೇಳಲು ತಿರುಗಿದ್ದಾಗ ದೋಣಿ ಬೇರೆಯವರ ಬಲೆಯ ಮೇಲೆ ಹತ್ತಿ, ಅದರ ದಾರ ಮೋಟರಿನ ರೆಕ್ಕೆಗೆ ಸುತ್ತಿಕೊಂಡು, ಬಲೆಯವರಿಂದ ಇಬ್ಬರೂ ಹಿಗ್ಗಾಮುಗ್ಗಾ ಬೈಸಿಕೊಂಡಿದ್ದರು. ನಿನ್ನ ಕಣ್ಣು ಮುಂದೆ ಇರಲಿ, ಹಿಂದೆ ನಾನಿದ್ದೇನೆ ಎಂದು ಅಣ್ಣ ಅವತ್ತು ಹೇಳಿದ್ದ. ಮುಂದಿನವನು ಅಣ್ಣ ಹಾಕಿದ ಗೆರೆ ದಾಟುವವನಲ್ಲ. ಅವನಿಗೆ ಹೆಣ್ಣು ಕೊಡಲು ಬಂದವರಿಗೆ ಅಣ್ಣನನ್ನು ಕೇಳಿ ಎಂದ. ಅಣ್ಣ, ಮದುವೆಯಾಗುವವನು ಅವನು, ಅವನನ್ನೇ ಕೇಳಿ ಎಂದ. ಬಂದವರು ಇಬ್ಬರ ನಡುವೆ ಓಡಾಡಿ ಸುಸ್ತಾಗಿ ಬೇರೆ ಮನೆ ನೋಡಿಕೊಂಡರು. ಅದರ ಬಗ್ಗೆ ಅವನಿಗೆ ಅಂಥ ಬೇಸರವೇನೂ ಇರಲಿಲ್ಲ. ಅಣ್ಣ ಅತ್ತಿಗೆಯ ಮನೆಯಲ್ಲಿ ಬಾಗಿಲ ಪಕ್ಕದ ಕೋಣೆ ಅವನದು. ಹರಿದ ಬಲೆಗಳು ಅವನ ಮಂಚದ ಕೆಳಗೇ ಇರುತ್ತಿದ್ದವು, ವಾಸನೆ ಬರುತ್ತದೆ ಎಂದು ಅತ್ತಿಗೆ ಗೊಣಗುತ್ತಲೇ ಇರುತ್ತಿದ್ದರು, ಅವನು ಹೂಂ ಎನ್ನುತ್ತಲೇ ಇರುತ್ತಿದ್ದ. ಬದುಕು ಸಾಗುತ್ತಿತ್ತು.

ಅಣ್ಣ ಬಿದ್ದದ್ದು ಒಂದು ಸಾಮಾನ್ಯ ದಿನ. ಗಾಳಿಯಿರಲಿಲ್ಲ, ಮೀನೂ ಅಷ್ಟಕ್ಕಷ್ಟೆ. ಬಲೆ ಎಳೆದು ಮಡಚಿಟ್ಟು ದಡದ ಕಡೆ ಹೊರಟಿದ್ದರು. ದೋಣಿ ಮೆಲ್ಲಗೆ ಎಡಕ್ಕೆ ವಾಲುತ್ತಿರುವುದು ಮುಂದಿನವನಿಗೆ ಗೊತ್ತಾಯಿತು. ಬಲಗೈ ಎತ್ತಿದ. ದೋಣಿ ಇನ್ನೂ ಎಡಕ್ಕೇ ಹೋಯಿತು. ಮತ್ತೆ ಎತ್ತಿದ. ಅಣ್ಣ ಎಲೆಯಡಿಕೆ ಡಬ್ಬಿ ತೆಗೆಯುತ್ತಿರಬೇಕು ಎಂದುಕೊಂಡ. ಮೂರನೆಯ ಸಲ ಕೈಯನ್ನು ಸಿಟ್ಟಿನಿಂದ ಅಲುಗಾಡಿಸಿದ, ಬಾಯಲ್ಲಿ ಏನೋ ಬೈದ ಕೂಡ. ಕೆಂಪು ಬಳಿದ ತೇಲುಪೀಪಾಯಿ ಒಂದು ಎದುರಿಗೆ ಬಂದು ಹೋಯಿತು. ಅದೇ ಪೀಪಾಯಿ ಮತ್ತೆ ಎದುರಿಗೆ ಬಂದಾಗಲೇ ದೋಣಿ ಸುತ್ತು ಹೊಡೆಯುತ್ತಿದೆ ಎಂದು ಅವನ ತಲೆಗೆ ಹೊಳೆದದ್ದು. ಆಗ ತಿರುಗಿ ನೋಡಿದ. ಅಣ್ಣ ಹಿಂದಿನ ಹಲಗೆಗೆ ಒರಗಿ ಒಂದು ಪಕ್ಕಕ್ಕೆ ಜಾರಿದ್ದ. ಬಾಯಿ ಸೊಟ್ಟಗಾಗಿತ್ತು. ಕಣ್ಣು ಮಾತ್ರ ತೆರೆದಿತ್ತು.

ಅವನು ಬಲೆ ಹಾರಿ ಹಿಂದಕ್ಕೆ ಓಡಿದ. ಮೋಟರು ನಿಲ್ಲಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಎಳೆದ, ಸಿಕ್ಕಿದ್ದನ್ನು ತಿರುಚಿದ. ಮೋಟರು ಇನ್ನೂ ಜೋರಾಗಿ ಕಿರುಚಿತು. ದೋಣಿ ನೇರವಾಗಿ ದಕ್ಕೆಯ ಕಲ್ಲುಗಳ ಕಡೆ ನುಗ್ಗಿತು. ನೀರೊಳಗಿನ ಬಂಡೆಗೆ ಬಡಿದು, ನೀರಿಗಿಳಿದಿರುವ ಮೋಟರಿನ ಕಾಲು ಮುರಿದ ಮೇಲೆಯೇ ಅದು ನಿಂತದ್ದು. ಬೇರೆ ದೋಣಿಯವರು ಬಂದು ಎಳೆದುಕೊಂಡು ಹೋದರು.

ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ಜೀವಕ್ಕೇನೂ ಭಯವಿಲ್ಲ ಎಂದರು, ಎಡಗಡೆ ಸ್ವಾಧೀನ ಬರುವುದು ಕಷ್ಟ ಎಂದರು. ಸ್ವಲ್ಪ ಮುಂಚೆ ತಂದಿದ್ದರೆ ಎಂದು ಶುರುಮಾಡಿದವರು ಇವನ ಮುಖ ನೋಡಿ ಮಾತು ನುಂಗಿಕೊಂಡರು. ಆ ನುಂಗಿಕೊಂಡ ಮಾತು ಇವನ ಹೊಟ್ಟೆಯಲ್ಲಿ ಹೋಗಿ ಕೂತಿತು. ಅತ್ತಿಗೆ ಅತ್ತರು. ಅಕ್ಕಪಕ್ಕದವರು ಅತ್ತರು. ಇವನಿಗೆ ಅಳು ಬರಲಿಲ್ಲ. ಎಡಗೈಯನ್ನು ಒತ್ತಿ ನೋಡಿ ಇಲ್ಲಿ ಗೊತ್ತಾಗುತ್ತದಾ ಎಂದು ನರ್ಸು ಅಣ್ಣನನ್ನು ಕೇಳುತ್ತಿದ್ದಳು, ಅಣ್ಣ ಇಲ್ಲವೆಂದು ತಲೆಯಾಡಿಸುತ್ತಿದ್ದ. ನನ್ನನ್ನು ಕೇಳಿದರೆ ನಾನೂ ಹಾಗೇ ತಲೆಯಾಡಿಸುತ್ತೇನೆ ಎಂದು ಮುಂದಿನವನಿಗೆ ಅನ್ನಿಸಿತು. ಅನ್ನಿಸಿತು ಅಷ್ಟೆ. ಅದರಿಂದ ದುಃಖವೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಅಣ್ಣನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಮುಂದಿನವನು ಬೆಳಗ್ಗೆ ಎದ್ದು ಅಣ್ಣನಿಗೆ ಸ್ನಾನ ಮಾಡಿಸುವನು, ಅಂಗಿ ತೊಡಿಸುವನು, ಆ ಮೇಲೆ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗುವನು. ಅಲ್ಲೂ ಮುಂದೆಯೇ ಕೂರುವನು. ಕೊಟ್ಟದ್ದನ್ನು ಉಣ್ಣುವನು. ಯಾರಾದರೂ ಹೇಗಿದ್ದೀಯಪ್ಪ ಎಂದರೆ ಇದ್ದೀನಿ ಎನ್ನುವನು. ಅದು ಸುಳ್ಳೇನಲ್ಲ. ಆದರೆ ನಾಲಿಗೆಗೆ ಉಪ್ಪು ಹುಳಿಯ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದು ದಿನ ಬಲೆ ಹೊಲಿಯುವ ಸೂಜಿ ಹೆಬ್ಬೆರಳಿಗೆ ಹೊಕ್ಕು ರಕ್ತ ನೆಲಕ್ಕೆ ತೊಟ್ಟಿಕ್ಕುವುದನ್ನು ಅತ್ತಿಗೆಯೇ ನೋಡಿ ಹೇಳಬೇಕಾಯಿತು.

ಅವರ ದೋಣಿ ದಡದ ಮೇಲೆ ಮಗುಚಿ ಬಿದ್ದಿತ್ತು. ಮೋಟರಿಲ್ಲದ ದೋಣಿ ಯಾವ ಉಪಯೋಗಕ್ಕೆ? ಹೊಸದು ಕೊಳ್ಳಬೇಕು ಎಂಬ ಮಾತು ಎತ್ತಿದವನು ಅಣ್ಣನೇ. ಅವನ ಮಾತು ಈಗ ಒಂದೊಂದೇ ಪದವಾಗಿ, ತೊದಲಿಕೊಂಡು ಬರುತ್ತಿತ್ತು.

"ಕೀ ಇರೋದು ತಗೋ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಚಕ್ರ ಇರೋದು," ಅಂದ. ಬಲಗೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದ.

ಮೋಟರು ಎಂದರೆ ಒಂದೇ ಜಾತಿಯದಲ್ಲ. ಸಣ್ಣವನ್ನು ದೋಣಿಯ ಹಿಂದಿನ ಹಲಗೆಗೆ ಕಚ್ಚಿಸಿ, ಹಗ್ಗ ಎಳೆದು ಹೊರಡಿಸಿ, ಅದಕ್ಕೇ ಅಂಟಿಕೊಂಡಿರುವ ಉದ್ದನೆಯ ಹಿಡಿಯನ್ನು ಎಡಗೈಯಲ್ಲಿ ಹಿಡಿದು ಓಡಿಸಬೇಕು. ದೊಡ್ಡವಕ್ಕೆ ಕಾರಿನ ಹಾಗೆ ಕೀ ಉಂಟು. ದೋಣಿಯ ನಡುವೆ ಒಂದು ಪೆಟ್ಟಿಗೆ ನಿಲ್ಲಿಸಿ ಅದಕ್ಕೆ ಸ್ಟೀರಿಂಗ್ ಚಕ್ರ ಕೂರಿಸುತ್ತಾರೆ, ಬ್ಯಾಟರಿ ಇಡುತ್ತಾರೆ. ಬಲಗೈ ಒಂದಿದ್ದರೆ ಸಾಕು, ಓಡಿಸಬಹುದು. ಅಣ್ಣನ ಬಲಗೈ ಗಟ್ಟಿಯಾಗಿಯೇ ಇತ್ತು. ಅಣ್ಣನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಆ ಮೇಲೆ ಕಿಟಕಿಯ ಬಳಿ ಒಬ್ಬನೇ ಕೂತಿರುವಾಗಲೂ ಅಣ್ಣ ಆ ಕೈಯನ್ನು ಗಾಳಿಯಲ್ಲಿ ತಿರುಗಿಸುವುದನ್ನು ತಮ್ಮ ಬಾಗಿಲ ಸಂದಿಯಿಂದ ನೋಡಿದ.

ಅತ್ತಿಗೆಯೂ ನೋಡಿದ್ದರು. ಅವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ನೀರಿನ ಸದ್ದು ಮಾತು ಮುಚ್ಚುವಷ್ಟು ನಲ್ಲಿ ತಿರುಗಿಸಿ, ಮೈದುನನನ್ನು ಹತ್ತಿರ ಕರೆದರು.

"ಚಕ್ರದ್ದು ತಂದರೆ ಅವರು ಹೊರಟೇಬಿಡ್ತಾರೆ. ನಾನು ಬೇಡ ಅಂದ್ರೆ ಕೇಳ್ತಾರಾ? ಇನ್ನೊಂದು ಸಲ ನೀರಿನ ಮೇಲೆ ಬಿದ್ದರೆ ಅವರು ಉಳಿಯಲ್ಲ. ಸಣ್ಣದೇ ತಾ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ."

ಅವನು ಹೂಂ ಎಂದ. ಅಣ್ಣನಿಗೂ ಹೂಂ ಎಂದಿದ್ದ. ಒಂದೇ ಮನೆಯಲ್ಲಿ ಎರಡು ಹೂಂ ಹಾಕಿ ಸಿಕ್ಕಿಬಿದ್ದವನಿಗೆ ಬೇರೆ ಕಾಲದಲ್ಲಾಗಿದ್ದರೆ ಎದೆ ಢವಗುಟ್ಟುತ್ತಿತ್ತು. ಈಗ ಅದೂ ಇಲ್ಲ. ದೊಡ್ಡದು ತಂದರೆ ಅಣ್ಣ ನೀರಿಗಿಳಿಯುತ್ತಾನೆ, ಬಹುಶಃ ಸಾಯುತ್ತಾನೆ. ಸಣ್ಣದು ತಂದರೆ ನಿನ್ನ ಕಾಲ ಮುಗಿಯಿತು ಎಂದು ತಮ್ಮನೇ ಅಣ್ಣನ ಮುಖಕ್ಕೆ ಹೇಳಿದ ಹಾಗೆ. ಜೀವಮಾನದಲ್ಲಿ ಅಂಗಿಯ ಬಣ್ಣವನ್ನೂ ಅಣ್ಣನನ್ನು ಕೇಳಿ ಆರಿಸಿಕೊಂಡವನಿಗೆ ದೇವರು ಕೊಟ್ಟ ಮೊದಲ ಆಯ್ಕೆ ಇದು.

ಮೋಟರಿನ ಅಂಗಡಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿತ್ತು. ಮೋಟರುಗಳನ್ನು ಮರದ ಅಡ್ಡಪಟ್ಟಿಗೆ ಸಾಲಾಗಿ ನೇತುಹಾಕಿದ್ದರು. ಅಂಗಡಿಯವನು ಬೋಳುತಲೆಯವನು, ಮಾತಿನ ಮಲ್ಲ. ಗಿರಾಕಿ ಸಿಕ್ಕರೆ ಬಿಡುವವನಲ್ಲ. ಹಲಗೆ ಎಷ್ಟು ಎತ್ತರ ಎಂದು ಅವನು ಮೊದಲು ಕೇಳಿದ. ಮುಂದಿನವನು ಜೇಬಿನಿಂದ ಬಲೆಯ ದಾರ ತೆಗೆದ. ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ಅಳೆದು ಅದರಲ್ಲಿ ಗಂಟು ಹಾಕಿಕೊಂಡು ಬಂದಿದ್ದ. ಅಂಗಡಿಯವನಿಗೆ ಖುಷಿಯಾಯಿತು. ಹೆಚ್ಚಿನವರು ಕೈಯಗಲಿಸಿ ಇಷ್ಟಿದೆ ಎನ್ನುತ್ತಾರಂತೆ, ಮನೆಗೆ ಹೋಗುವಷ್ಟರಲ್ಲಿ ಆ ಇಷ್ಟು ಅಷ್ಟಾಗಿರುತ್ತದಂತೆ. ಕಾಲು ಗಿಡ್ಡವಾದರೆ ರೆಕ್ಕೆ ಗಾಳಿ ಕುಡಿಯುತ್ತದೆ, ಉದ್ದವಾದರೆ ನೀರನ್ನು ಸುಮ್ಮನೆ ಉಳುತ್ತದೆ, ನಿನಗೆ ಗಿಡ್ಡ ಕಾಲಿನದೇ ಸರಿ ಎಂದ. ಎಲ್ಲದಕ್ಕೂ ಮುಂದಿನವನು ತಲೆಯಾಡಿಸಿದ.

"ದೋಣೀಲಿ ಎಷ್ಟು ಜನ ಹೋಗ್ತೀರಿ?" ಅಂಗಡಿಯವನು ಕೇಳಿದ.

"ಇಬ್ಬರು," ಅಂದ. ಆ ಮೇಲೆ, "ಒಬ್ಬ," ಅಂದ.

ಒಬ್ಬನಾದರೆ ಎಂಟು ಎಚ್‌ಪಿ ಧಾರಾಳ, ದೊಡ್ಡ ಮೋಟರು ಹಿಂದೆ ತೂಗಿ ಮುಂದೆ ಯಾರೂ ಇಲ್ಲದಿದ್ದರೆ ಮೂತಿ ಆಕಾಶ ನೋಡುತ್ತದೆ ಎಂದು ಅಂಗಡಿಯವನು ವಿವರಿಸಿದ. ಇಬ್ಬರಾದರೆ ಇಪ್ಪತ್ತರದು, ಚಕ್ರದ್ದು, ರಾಜನ ಹಾಗೆ ಕೂತು ಹೋಗಬಹುದು. ಯೋಚನೆ ಮಾಡಿ ಬಾ ಎಂದ. ಮುಂದಿನವನು ಹೋದ, ಮತ್ತೆ ಬಂದ, ಮೋಟರುಗಳ ಮುಂದೆ ನಿಂತ, ಮತ್ತೆ ಹೋದ. ಹೆಣ್ಣು ನೋಡಲು ಬಂದವರೂ ಇಷ್ಟು ಸಲ ಬರುವುದಿಲ್ಲ ಎಂದು ಅಂಗಡಿಯವನು ಚುಡಾಯಿಸಿದ. ಇವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

ಒಂದು ಸಲ ಅಂಗಡಿಯವನು ಮೋಟರಿಗೆ ಸಿಕ್ಕಿಸಿದ್ದ ಸುರುಳಿ ದಾರವೊಂದನ್ನು ತೋರಿಸಿದ. ಕೆಂಪು ಬಣ್ಣದ್ದು. ಇದನ್ನು ಓಡಿಸುವವನು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು, ಅವನು ಬಿದ್ದರೆ ದಾರ ಎಳೆದುಕೊಂಡು ಮೋಟರು ತಾನೇ ನಿಲ್ಲುತ್ತದೆ ಎಂದ. ಇದು ಹೊಸದಾಗಿ ಬಂದದ್ದಾ ಎಂದು ಮುಂದಿನವನು ಕೇಳಿದ. ಎಷ್ಟೋ ಕಾಲದಿಂದ ಇದೆಯಲ್ಲ, ನಿಮ್ಮ ಹಳೆಯದರಲ್ಲೂ ಇದ್ದೇ ಇರಬೇಕು ಎಂದ ಅಂಗಡಿಯವನು. ಇತ್ತು. ಅಣ್ಣ ಆ ದಾರವನ್ನು ಕತ್ತರಿಸಿ ಟಾರ್ಚಿಗೆ ಕಟ್ಟಿಕೊಂಡಿದ್ದ. ಕೊಕ್ಕೆ ಮಾತ್ರ ಮೋಟರಿನಲ್ಲೇ ಉಳಿದಿತ್ತು. ಮುಂದಿನವನು ಆ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡು ನಿಂತ. ಒಂದು ಕ್ಷಣ ಏನೋ ಒಳಗೆ ಮಿಸುಕಿದಂತಾಗಿ ಮತ್ತೆ ಮಲಗಿತು.

ಕೊನೆಗೆ ಸಣ್ಣದನ್ನೇ ತೋರಿಸಿ ಇದು ಕೊಡಿ ಎಂದ. ಧೈರ್ಯ ಬಂದು ಹೇಳಿದ್ದಲ್ಲ. ಅಣ್ಣ ಸತ್ತರೆ ಎಂಬ ಯೋಚನೆ ಬಂದಾಗಲೂ ತನಗೆ ಏನೂ ಆಗುತ್ತಿಲ್ಲವಲ್ಲ ಎಂದು ಅವನಿಗೆ ಹೆದರಿಕೆಯಾಗಿತ್ತು. ಏನೂ ಆಗದವನ ಕೈಯಲ್ಲಿ ಅಣ್ಣನ ಜೀವ ಇರುವುದು ಬೇಡ ಎನಿಸಿತು, ಅಷ್ಟೆ.

ಮನೆಗೆ ಹೋಗಿ ಸುಳ್ಳು ಹೇಳಿದ. "ಹಿಂದಿನ ಹಲಗೆ ಅಷ್ಟು ತೂಕ ತಡೆಯಲ್ವಂತೆ ಅಣ್ಣ. ಬಡಗಿ ಹೇಳಿದ. ಅದಕ್ಕೆ ಸಣ್ಣದೇ ತಗೊಂಡೆ."

ಆ ಹಲಗೆಗೆ ಒಳಗಡೆಯಿಂದ ಇನ್ನೊಂದು ದಪ್ಪ ಹಲಗೆ ಕೊಟ್ಟು ಬಿಗಿಸಿದವನು ಅಣ್ಣನೇ. ಎರಡು ಮೋಟರು ತೂಗುಹಾಕಿದರೂ ಅಲುಗದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು. ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕಾಗುತ್ತದೆ. ಅಣ್ಣ ಅವನನ್ನೇ ನೋಡಿದ. ಹೌದಾ ಎಂದ. ಕಿಟಕಿಯ ಕಡೆ ಮುಖ ತಿರುಗಿಸಿದ. ಗಾಳಿಯಲ್ಲಿ ತಿರುಗುತ್ತಿದ್ದ ಆ ಬಲಗೈ ಅವತ್ತಿನಿಂದ ತೊಡೆಯ ಮೇಲೆ ಸುಮ್ಮನೆ ಬಿದ್ದಿರತೊಡಗಿತು. ಅತ್ತಿಗೆ ಮೈದುನನ ತಟ್ಟೆಗೆ ಎರಡು ತುಂಡು ಮೀನು ಹೆಚ್ಚಿಗೆ ಹಾಕಿದರು. ಅವನು ತಿಂದ.

ಮೋಟರು ನೀರಿಗಿಳಿಸುವ ದಿನ ನಾನೂ ಬರುತ್ತೇನೆ ಎಂದು ಅಣ್ಣ ಹಟ ಹಿಡಿದ. ದಡದವರೆಗೆ ತಾನೇ, ಬರಲಿ ಎಂದರು ಅತ್ತಿಗೆ. ಅವರ ಹೆಗಲು ಹಿಡಿದು, ಎಡಗಾಲನ್ನು ಮರಳಿನಲ್ಲಿ ಎಳೆಯುತ್ತ ಬಂದ ಅಣ್ಣ, ದೋಣಿಯ ಹಿಂದೆ ನಿಂತು ಬಲಗೈಯಿಂದ ಮೋಟರನ್ನು ತಡವಿ ನೋಡಿದ. ಕಚ್ಚುವ ತಿರುಪುಗಳನ್ನು ಅಲುಗಿಸಿ ನೋಡಿದ. ಒಂದನ್ನು ಇನ್ನೂ ಅರ್ಧ ಸುತ್ತು ಬಿಗಿದ. ಒಳ್ಳೆ ಮೋಟರು ಎಂದ. ಅಳತೆ ಸರಿಯಾಗಿ ತಂದಿದ್ದೀಯ ಎಂದ. ಮುಂದಿನವನು ದೋಣಿಯನ್ನು ನೀರಿಗೆ ತಳ್ಳಿ ಹತ್ತಿದ. ಹತ್ತಿದವನು ನೇರ ಮೂತಿಗೆ ಹೋಗಿ ಕೂತ. ಕೂತು, ಎದುರಿಗೆ ನೀರು ನೋಡಿ, ದೋಣಿ ಯಾಕೆ ಹೊರಡುತ್ತಿಲ್ಲ ಎಂದು ಕಾದ. ಬಲೆ ಒಣಗಿಸುತ್ತಿದ್ದ ಯಾರೋ ನಕ್ಕಾಗ ಎಚ್ಚರವಾಯಿತು. ಎದ್ದು ಹಿಂದಕ್ಕೆ ಬಂದ.

ಕೆಂಪು ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಹಗ್ಗ ಎಳೆದ. ಮೋಟರು ಹೊರಟಿತು. ಕಲ್ಲಿನ ಸಾಲು ಬಲಕ್ಕಿತ್ತು, ಅವನು ಎಡಕ್ಕೆ ಹೋಗಬೇಕಿತ್ತು. ಹಿಡಿಯನ್ನು ಎಡಕ್ಕೆ ಒತ್ತಿದ. ದೋಣಿ ಬಲಕ್ಕೆ ತಿರುಗಿತು. ಇನ್ನೂ ಜೋರಾಗಿ ಎಡಕ್ಕೆ ಒತ್ತಿದ. ಅದು ಇನ್ನೂ ಜೋರಾಗಿ ಕಲ್ಲಿನ ಕಡೆಗೇ ಹೋಯಿತು. ಹಿಡಿಯ ಮೋಟರಿನ ಗುಣವೇ ಅದು, ತಳ್ಳಿದ ಕಡೆಗಲ್ಲ, ಅದರ ಎದುರು ಕಡೆಗೆ ಹೋಗುವುದು. ಜೀವಮಾನವೆಲ್ಲ ದೋಣಿಯಲ್ಲೇ ಕಳೆದವನಿಗೆ ಇದು ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಗೊತ್ತಿರಲಿಲ್ಲ. ಅವನು ಎತ್ತುತ್ತಿದ್ದದ್ದು ಕೈ, ತಿರುಗಿಸುತ್ತಿದ್ದವನು ಅಣ್ಣ. ಮಣಿಕಟ್ಟಿನ ದಾರ ಎಳೆದರೆ ನಿಲ್ಲುತ್ತದೆ ಎಂಬುದೂ ಆ ಗಡಿಬಿಡಿಯಲ್ಲಿ ತಲೆಗೆ ಬರಲಿಲ್ಲ. ಕಲ್ಲಿಗೆ ಇನ್ನೇನು ಬಡಿಯಬೇಕು ಎನ್ನುವಾಗ ಮೋಟರು ಕೆಮ್ಮಿತು, ಗೊರಗೊರ ಎಂದಿತು, ತಾನಾಗಿಯೇ ನಿಂತಿತು. ಅವನು ಹುಟ್ಟು ಹಾಕಿಕೊಂಡು ದಡಕ್ಕೆ ವಾಪಸು ಬಂದ. ನಗುತ್ತಿದ್ದವರು ಈಗ ಬಲೆಯ ಕಡೆ ಮುಖ ತಿರುಗಿಸಿಕೊಂಡಿದ್ದರು.

ಅಣ್ಣ ಮರಳಿನ ಮೇಲೆ ಕೂತಿದ್ದ. ದೋಣಿ ನೆಲ ಮುಟ್ಟಿದ ಮೇಲೆ ಹೇಳಿದ. ಒಂದೊಂದು ಪದವನ್ನೂ ಹುಡುಕಿ ತೆಗೆಯಬೇಕಾಗಿದ್ದರಿಂದ ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

"ಅದಕ್ಕೇ ಕಣೋ ಚಕ್ರದ್ದು ತಗೋ ಅಂದಿದ್ದು. ಚಕ್ರ ಆದರೆ ಯಾವ ಕಡೆ ತಿರುಗಿಸ್ತೀಯೋ ಆ ಕಡೆಗೇ ಹೋಗುತ್ತೆ. ಕೀ ತಿರುಗಿಸಿದರೆ ನಿಲ್ಲುತ್ತೆ. ಆವತ್ತು ನಿನಗೆ ನಿಲ್ಲಿಸೋಕೆ ಗೊತ್ತಾಗಲಿಲ್ಲ, ನಾನು ನೋಡ್ತಾನೇ ಇದ್ದೆ. ಮುಂದೆ ನೋಡಿಕೊಂಡು ಓಡಿಸಬಹುದು ಅಂತ ಅಂದುಕೊಂಡೆ. ನಿನಗೆ ಹಿಂದೆ ನೋಡಿ ಅಭ್ಯಾಸ ಇಲ್ಲವಲ್ಲ."

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಮುಂದಿನವನು ನೀರಿನಲ್ಲಿ ಮೊಣಕಾಲುಮಟ್ಟ ನಿಂತೇ ಇದ್ದ.

"ನೀನು ಬರೋಕೆ ಅಲ್ವಾ ಅಣ್ಣ?" ಅಂದ.

"ನಾನು ಎಲ್ಲಿಗೆ ಬರಲಿ, ಈ ಕಾಲು ಎಳಕೊಂಡು? ನಿನಗೆ ಅಂತಲೇ ಕೇಳಿದ್ದು."

ಹಾಗಾದರೆ ಕಿಟಕಿಯ ಬಳಿ ಗಾಳಿಯಲ್ಲಿ ಚಕ್ರ ತಿರುಗಿಸುತ್ತಿದ್ದವನು ಅಲ್ಲಿ ಕೂತು ತಮ್ಮನನ್ನೇ ಓಡಿಸುತ್ತಿದ್ದ. ಆ ಕಲ್ಲಿನ ಸಾಲಿನಿಂದ ಅವನನ್ನು ದಾಟಿಸುತ್ತಿದ್ದ. ಆವತ್ತು ಹಿಂದೆ ಒರಗಿ ಬಿದ್ದು, ಮುಂದೆ ಕೂತ ತಮ್ಮ ಎತ್ತಿದ ಆ ಬಲಗೈಯನ್ನು ಪ್ರತಿ ಸಲವೂ ಕಣ್ಣಾರೆ ನೋಡಿದವನು, ಅದರ ಬಗ್ಗೆ ಒಂದು ಮಾತೂ ಆಡದೆ, ಇಷ್ಟು ದಿನ ಯೋಚಿಸಿದ್ದು ಇವನೊಬ್ಬನೇ ಹೇಗೆ ಹೋಗಿ ಹೇಗೆ ಬಂದಾನು ಎಂಬುದನ್ನೇ. ಅದಕ್ಕೆ ಇವನು ಕೊಟ್ಟದ್ದು ಬಡಗಿಯ ಹೆಸರಿನಲ್ಲಿ ಒಂದು ಸುಳ್ಳು. ಆಸ್ಪತ್ರೆಯಲ್ಲಿ ಬಾರದ ಅಳು, ಮನೆಯಲ್ಲಿ ಬಾರದ ಅಳು, ಹತ್ತು ಜನರ ಎದುರಿಗೆ, ಹಾಡಹಗಲಲ್ಲಿ, ಒದ್ದುಕೊಂಡು ಬಂತು. ಹಲಗೆ ಹಿಡಿದುಕೊಂಡು ಮುಂದಿನವನು ಮಕ್ಕಳ ಹಾಗೆ ಅತ್ತ. ಮೋಟರಿನ ತಣ್ಣನೆಯ ಕಬ್ಬಿಣ ಕೈಗೆ ತಗುಲುತ್ತಿತ್ತು, ಕಾಲಿಗೆ ನೀರು ತಗುಲುತ್ತಿತ್ತು, ಎಲ್ಲವೂ ನೋಯುತ್ತಿತ್ತು.

ಅಣ್ಣನಿಗೆ ತಾಳ್ಮೆ ಕೆಟ್ಟಿತು.

"ಅಳೋದು ಆಮೇಲೆ ಅಳು," ಅಂದ. "ಮೊದಲು ಟ್ಯಾಂಕಿನ ಮುಚ್ಚಳದ ಮೇಲಿರೋ ತಿರುಪು ಬಿಚ್ಚು. ಗಾಳಿ ಹೋಗದೆ ಪೆಟ್ರೋಲು ಮೋಟರಿಗೆ ಹೇಗೆ ಇಳಿಯುತ್ತೆ?"